ನೆರೆಸೀಮೆಯ ಪಂಥ

ನೆರೆಮನೆಗಳೊಳಗೆ ಇರುವಂತೆ ನೆರೆನಾಡುಗಳೊಳಗೂ ಸಿರಿ, ಹೆಸರುಗಳ ವಿಷಯದಲ್ಲಿ ಒಂದು ಪಂಥವಿರುವುದು ಸಹಜ. ಕರ್ನಾಟಕಕ್ಕೂ ತಮಿಳುನಾಡಿಗೂ ಇರುವ ಪಂಥವನ್ನು ಕಾಣಬೇಕೆನ್ನುವ ವಾಚಕರು ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹಗಲು ರೈಲನ್ನು ಏರಬೇಕು. ನಾವು ಕಂಚಿಗೆ ಹೊರಟಾಗ ನಮ್ಮ ಎದುರಿಗೆ ಮೈಸೂರಿನ ಗೃಹಸ್ಥರೊಬ್ಬರೂ ಕುಂಭಕೋಣದ ಗೃಹಸ್ಥರೊಬ್ಬರೂ ಕುಳಿತಿದ್ದರು. ಬೆಂಗಳೂರಿನಲ್ಲಿ ಇಬ್ಬರದೂ ಒಂದೇ ಬೀದಿ.

ಬಂಗಾರಪೇಟೆ ಬಂದೊಡನೆ ಮೈಸೂರಿನವರು ಕೋಲಾರದ ಚಿನ್ನದ ಗಣಿಯ ಕಡೆಗೆ ಕವಲೊಡೆಯುವ ಹಳಿಯನ್ನು ತೋರಿಸಿ, "ನೋಡಿದಿರಾ ಸ್ವಾಮಿ, ನಮ್ಮ ನೆಲವೇ ಹೊನ್ನು! 1902ರಲ್ಲಿಯೇ ಶಿವನಸಮುದ್ರದಿಂದ ತೊಂಬತ್ತು ಮೈಲಿಗೂ ಮಿಗಿಲಾಗಿ ತಂತಿಯೆಳೆದು ಈ ಗಣಿಗೆ ವಿದ್ಯುತ್ತನ್ನು ತಂದೆವು" ಎಂದರು. "ಹೊನ್ನು ತಮ್ಮದೇ. ಆದರೆ ಪಾತಾಳಕ್ಕಿಳಿದು ಅದನ್ನು ಅಗೆದವರಲ್ಲಿ ಬಹುಮಂದಿ ನಮ್ಮ ಆರ್ಕಾಟು, ಸೇಲಂ ಕಡೆಯವರಲ್ಲವೇ?" ಎಂದರು ಕುಂಭಕೋಣದವರು. ಆ ಗಣಿ 2001ರಲ್ಲಿ ಮುಚ್ಚಿತು; ಹೊನ್ನೂ ಇಲ್ಲ, ಅಗೆಯುವ ಕೆಲಸವೂ ಇಲ್ಲ.

ನಡುವೆ ಆಂಧ್ರಕ್ಕೆ ಸೇರಿದ ಕುಪ್ಪಂ ಬಂದುದರಿಂದ ಪಂಥಕ್ಕೆ ತುಸು ಬಿಡುವಾಯಿತು. ಜೋಲಾರಪೇಟೆಯಲ್ಲಿ ಕಾಫಿ ಬಂದೊಡನೆ ಮತ್ತೆ ಆರಂಭ. ಕಾಫಿಯೆಂದರೆ ಕುಂಭಕೋಣದ ಡಿಗ್ರಿ ಕಾಫಿಯೆಂದು ಒಬ್ಬರು; ಬೀಜ ಕೊಡಗು, ಚಿಕ್ಕಮಗಳೂರುಗಳದೆಂದು ಇನ್ನೊಬ್ಬರು. ಬಳಿಕ ಲೆಕ್ಕಾಚಾರ. 2022-23ರಲ್ಲಿ ಒಟ್ಟು ಉತ್ಪತ್ತಿಯಲ್ಲಿ ತಮಿಳುನಾಡು ಮುಂದು, ತಲೆಯೊಂದಕ್ಕೆ ಬರುವ ವರಮಾನದಲ್ಲಿ ಕರ್ನಾಟಕ ಮುಂದು. ಹೀಗಾಗಿ ಇಬ್ಬರೂ ಗೆದ್ದರು.

ಕಾವೇರಿಯ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ನಾವೇ ಕೇಳಿದಾಗ ಮೈಸೂರಿನವರು ಸುಮ್ಮನಾದರು. ಕುಂಭಕೋಣದವರು ಮೆಲ್ಲಗೆ, "1991ರ ಡಿಸೆಂಬರಿನ ಗಲಭೆಯಲ್ಲಿ ನಮ್ಮ ಮನೆಯ ಹೆಂಗಸರೂ ಮಕ್ಕಳೂ ಮೂರು ರಾತ್ರಿ ಇವರ ಮನೆಯಲ್ಲಿದ್ದರು. ಇವರು ಬಾಗಿಲಲ್ಲಿಯೇ ಮಲಗಿದ್ದರು" ಎಂದರು. "ಅದೆಲ್ಲ ಈಗೇಕೆ? ಕಾಫಿ ಆರಿಹೋಗುತ್ತದೆ, ಕುಡಿಯಿರಿ" ಎಂದು ಮೈಸೂರಿನವರು ಮುಖ ತಿರುಗಿಸಿದರು.

ಅರಕ್ಕೋಣಂನಲ್ಲಿಳಿದು ನಾವು ಕಂಚಿಯನ್ನು ಸೇರಿದೆವು. ಅಲ್ಲಿಯ ನೇಕಾರರ ಬೀದಿಯಲ್ಲಿ ಮಗ್ಗದ ಸದ್ದು ಕೇಳುತ್ತಲೇ ಇತ್ತು. ಕಂಚಿಯ ಸೀರೆಯ ಹೆಸರು ಲೋಕಪ್ರಸಿದ್ಧ. ಅದಕ್ಕೆ ಬೇಕಾಗುವ ರೇಷ್ಮೆ ಬಹುಮಟ್ಟಿಗೆ ನಮ್ಮ ಕರ್ನಾಟಕದ್ದು, ಜರಿ ಗುಜರಾತಿನ ಸೂರತ್ತಿನದು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ. ಎರಡನ್ನೂ ಎಳೆಎಳೆಯಾಗಿ ಹೆಣೆದು ಕೂಡಿಸುವುದರಲ್ಲಿಯೇ ಅಲ್ಲಿಯ ನೇಕಾರನ ಜಾಣ್ಮೆಯಿದೆ. ಆ ಕೂಡಿಕೆ ಸಡಿಲವಾದರೆ ಸೀರೆ ಹರಿಯುವುದು ಅಲ್ಲಿಯೇ.

ನಾಡಿನ ಹೆಮ್ಮೆ ಇರಲಿ, ಪಂಥವೂ ಇರಲಿ. ಆದರೆ ಮಳೆ ಕೈಕೊಟ್ಟ ವರ್ಷದಲ್ಲಿಯೂ ನೆರೆಯವರಿಗೆ ಬಾಗಿಲು ತೆರೆಯುವ ಮನೆಗಳು ಎಷ್ಟಿವೆಯೆಂಬುದೇ ಒಂದು ಸೀಮೆಯ ನಿಜವಾದ ಸಿರಿಯ ಲೆಕ್ಕವೆಂದು ನಮಗೆ ತೋರುತ್ತದೆ.