ತಿಪ್ಪಯ್ಯನೆಂಬ ಹೆಸರು

ಹಾಜರಿ ಕರೆಯುವಾಗ ‘ತಿಪ್ಪಯ್ಯ’ ಎಂದೊಡನೆ ತರಗತಿಯೆಲ್ಲ ನಗುತ್ತಿತ್ತು. ಒಮ್ಮೆ ನಾನೂ ನಕ್ಕುಬಿಟ್ಟೆ. ಮರುದಿನ ಅವನ ತಾಯಿ ಶಾಲೆಗೆ ಬಂದರು. “ಮೊದಲು ಹುಟ್ಟಿದ ಮೂರೂ ಉಳೀಲಿಲ್ಲ ಮೇಷ್ಟ್ರೇ. ಇವನ್ನ ತಿಪ್ಪೆ ಮೇಲೆ ಮಲಗಿಸಿ ಎತ್ಕೊಂಡ್ವಿ” ಎಂದಷ್ಟೇ ನುಡಿದರು. ನಾನು ತಲೆ ತಗ್ಗಿಸಿದೆ.

ಬೇಡದ ಕೂಸೆಂದು ಬಗೆದು ಮೃತ್ಯು ಮುಂದೆ ಸಾಗಲಿ ಎಂಬುದೇ ಆ ಹೆಸರಿನ ಹಿಂದಿನ ನಂಬಿಕೆ. ಇದು ನಮ್ಮಲ್ಲಿ ಮಾತ್ರವಲ್ಲ. ಮಕ್ಕಳನ್ನು ಕಳೆದುಕೊಂಡ ಮಂಗೋಲಿಯಾದ ತಂದೆತಾಯಿಗಳು ಮುಂದಿನ ಮಗುವಿಗೆ ‘ನೆರ್ಗುಯಿ’, ಎಂದರೆ ಹೆಸರಿಲ್ಲದ್ದು, ‘ಎನೆಬಿಶ್’, ಎಂದರೆ ಇದಲ್ಲ, ಎಂದು ಹೆಸರಿಡುವುದುಂಟು. ಚೀನದ ಹಳ್ಳಿಗಳ ‘ಗೋಶೆಂಗ್’ ಎಂಬ ಮುದ್ದಿನ ಹೆಸರಿಗೆ ನಾಯಿ ತಿಂದು ಬಿಟ್ಟದ್ದೆಂದು ಅರ್ಥ.

ಕೇಳಲು ಕೀಳೆನಿಸುವ ಈ ಹೆಸರುಗಳೆಲ್ಲ ಹೆತ್ತವರು ಕಟ್ಟಿದ ರಕ್ಷೆಗಳು. ಆ ದಿನದಿಂದ ನಿವೃತ್ತಿಯವರೆಗೂ ಯಾರ ಹೆಸರನ್ನು ಕರೆದಾಗಲೂ ನಾನು ನಗಲಿಲ್ಲ.