ಉಳವಿಯ ದಾರಿಯಲ್ಲಿ ನಿಂತ ಕಾರು

ಕಲ್ಯಾಣದ ವಿಪ್ಲವದ ತರುವಾಯ ಶರಣಸಮೂಹವನ್ನು ಮುನ್ನಡೆಸಿದ ಷಟ್‌ಸ್ಥಲ ಚಕ್ರವರ್ತಿ ಚನ್ನಬಸವಣ್ಣನವರು ಲಿಂಗೈಕ್ಯರಾದ ಪುಣ್ಯಭೂಮಿ ಉಳವಿ. ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲೂಕಿನ ದಟ್ಟ ಕಾಡಿನ ನಡುವೆ ಈ ಕ್ಷೇತ್ರವಿದೆ. ಭರತ ಹುಣ್ಣಿಮೆಯ ಸುಮಾರಿಗೆ ಜರುಗುವ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಇಂದಿಗೂ ಚಕ್ಕಡಿ ಹೂಡಿಕೊಂಡು ಬರುವುದುಂಟು. ನಮ್ಮ ಅಕ್ಕನವರು ಬಾಲ್ಯದಲ್ಲಿ ತಂದೆಯವರೊಡನೆ ಹಾಗೆಯೇ ಹೋಗಿಬಂದವರು. ಈಗ ಎಂಬತ್ತರ ಸಮೀಪಕ್ಕೆ ಬಂದಿರುವ ಅವರಿಗೆ ಮೊಣಕಾಲುಗಳು ಸ್ವಾಧೀನದಲ್ಲಿಲ್ಲ. ಗದ್ದುಗೆಗೆ ಇನ್ನೊಮ್ಮೆ ಹಣೆ ಹಚ್ಚಬೇಕೆಂಬ ಅವರ ಹಂಬಲವನ್ನು ಇನ್ನು ಮುಂದೂಡುವಂತಿರಲಿಲ್ಲ. 2024ರ ಜನವರಿಯಲ್ಲಿ, ಜಾತ್ರೆಯ ಸಂದಣಿ ಸೇರುವ ಮುನ್ನವೇ, ಅವರ ಮೊಮ್ಮಗನ ಹಳೆಯ ಕಾರಿನಲ್ಲಿ ಧಾರವಾಡದಿಂದ ಹೊರಟೆವು.

ಹಳಿಯಾಳ, ದಾಂಡೇಲಿಗಳನ್ನು ದಾಟಿ ಗಣೇಶಗುಡಿಯಲ್ಲಿ ಚಹಕ್ಕೆಂದು ನಿಂತೆವು. ಕಾಳಿ ನದಿಗೆ ಅಡ್ಡಲಾಗಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು ಇಲ್ಲಿಯೇ ಇದೆ. ತಾಲೂಕಿಗೆ ಹಿಂದೆ ಹೆಸರು ಕೊಟ್ಟಿದ್ದ ಸೂಪಾ ಊರು ಆ ಜಲಾಶಯದ ತಳ ಸೇರಿತು. "ಸೂಪಾದಾಗ ಅಪ್ಪ ಎತ್ತಿಗೆ ನೀರು ಕುಡಿಸಿದ್ದ. ಈಗ ಊರss ನೀರು ಕುಡದು ಮಲಗೇತಿ" ಎಂದು ಅಕ್ಕನವರು ನಿಟ್ಟುಸಿರಿಟ್ಟರು.

ಮರಳಿ ಹೊರಡಬೇಕೆಂದಾಗ ಗೇರು ಬೀಳದು. ಮೊಮ್ಮಗನು ಕ್ಲಚ್ಚು ತುಳಿದು ಸನ್ನೆ ತಳ್ಳಿದಾಗಲೆಲ್ಲ ಒಳಗಿನಿಂದ ಕರಕರ ಸದ್ದು. ಎಂಜಿನ್ನು ನಿಲ್ಲಿಸಿದರೆ ಅದೇ ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಬೀಳುತ್ತಿತ್ತು. "ಗೇರಿನಲ್ಲಿಟ್ಟೇ ಚಾಲೂ ಮಾಡಿ ಹೋಗಿಬಿಡೋಣ" ಎಂದು ಅವನೆಂದ. ಸಂಜೆಯ ಪೂಜೆಗೆ ಉಳವಿ ಸೇರಬೇಕೆಂಬ ತವಕದಲ್ಲಿ ನಾವೂ ಆಗಲೆಂದೆವು. ಶಾಸ್ತ್ರಗ್ರಂಥಗಳಲ್ಲಿ ಆಯುಷ್ಯ ಕಳೆದವರ ಲೋಕಜ್ಞಾನ ಅಷ್ಟೇ. ಚಹದಂಗಡಿಯವರು ತಡೆದರು: "ಮುಂದ ಕಾಡಿನಾಗ ತಿರುವು ಭಾಳ ಅದಾವರಿ. ನಡಬರಕ ನಿಂತ್ರ ಫೋನೂ ಹತ್ತೂದಿಲ್ಲ." ಅವರೇ ಜೊಯಿಡಾದ ಪರಿಚಿತ ಮೆಕ್ಯಾನಿಕನಿಗೆ ಫೋನು ಮಾಡಿದರು.

ಆ ತರುಣನು ಫೋನಿನಲ್ಲಿಯೇ ಮೂರು ಪ್ರಶ್ನೆ ಕೇಳಿದ. ಎಂಜಿನ್ನು ನಿಂತಾಗ ಗೇರು ಬೀಳುತ್ತದೆಯೇ? ಬೀಳುತ್ತದೆ. ಪೆಡಲು ಮೆತ್ತಗಾಗಿದೆಯೇ? ಹೌದು. ಏಳೆಂಟು ಸಲ ಬೇಗಬೇಗ ತುಳಿದರೆ? ಹಾಗೆ ಮಾಡಿ ನೋಡಲಾಗಿ, ಒಮ್ಮೆ ಗೇರು ಬಿದ್ದಿತು! "ಗೇರುಪೆಟ್ಟಿಗಿ ಚಲೋ ಐತಿ, ಎಣ್ಣಿ ಸೋರಿರಬೇಕು" ಎಂದವನು ಯಾವ ಗಾಡಿಯೆಂದು ಕೇಳಿ, ಅದಕ್ಕೆ ತಕ್ಕ ಸಾಮಾನಿನೊಡನೆ ಗಂಟೆಯೊಳಗೆ ಮೋಟಾರುಸೈಕಲ್ಲಿನಲ್ಲಿ ಬಂದಿಳಿದ.

ಅವನು ವಿವರಿಸಿದ್ದು ಹೀಗೆ. ತಿರುಗುತ್ತಿರುವ ಎಂಜಿನ್ನನ್ನು ಗೇರುಪೆಟ್ಟಿಗೆಯಿಂದ ಕ್ಷಣಕಾಲ ಬಿಡಿಸುವುದೇ ಕ್ಲಚ್ಚಿನ ಕೆಲಸ. ಬಿಡಿಸದಿದ್ದರೆ ಒಳಗಿನ ಹಲ್ಲುಗಳು ತಿರುಗುತ್ತಲೇ ಇದ್ದು ಒಂದಕ್ಕೊಂದು ಕೂಡಲೊಲ್ಲವು. ಈ ಕಾರಿನಲ್ಲಿ ಪಾದದ ಒತ್ತಡವನ್ನು ಕೆಳಗೆ ಮುಟ್ಟಿಸುವುದು ಕೊಳವೆಯೊಳಗಿನ ಎಣ್ಣೆ. ಎಣ್ಣೆ ಸೋರಿ ಗಾಳಿ ಹೊಕ್ಕರೆ, ಒತ್ತಡವೆಲ್ಲ ಗಾಳಿಯನ್ನು ಅದುಮುವುದರಲ್ಲಿಯೇ ಕಳೆದುಹೋಗುತ್ತದೆ.

ಬಾನೆಟ್ಟು ಎತ್ತಿದಾಗ ಡಬ್ಬಿಯಲ್ಲಿ ಎಣ್ಣೆ ತೀರ ಇಳಿದಿತ್ತು. ಮೊಮ್ಮಗನು ಡಿಕ್ಕಿಯಲ್ಲಿದ್ದ ಎಂಜಿನ್ ಆಯಿಲ್ ತಂದು ಸುರಿಯಹೋದ. ತರುಣನು ಅವನ ಕೈಯನ್ನೇ ಹಿಡಿದ. ಆ ಎಣ್ಣೆ ತಾಕಿದರೆ ರಬ್ಬರು ಉಬ್ಬಿ ಕೆಡುವುದಂತೆ. ಇಲ್ಲಿಗೆ ಬ್ರೇಕಿನ ಎಣ್ಣೆಯೇ ಆಗಬೇಕು. ಅದನ್ನಾದರೂ ಅವನು ಕೂಡಲೇ ಹಾಕಲಿಲ್ಲ. ಈ ಕಾರಿನಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿ. ಕ್ಲಚ್ಚಿಗೆ ಹೋಗುವ ರಂಧ್ರ ಮೇಲಿದೆ, ಬ್ರೇಕಿನದು ಕೆಳಗೆ. ಎಣ್ಣೆ ಇಳಿದರೆ ಮೊದಲು ಕೈಕೊಡುವುದು ಕ್ಲಚ್ಚು. ಆದುದರಿಂದ ಸೋರಿದ್ದು ಕ್ಲಚ್ಚಿನ ಕಡೆಯಿಂದಲೋ ಬ್ರೇಕಿನ ಕಡೆಯಿಂದಲೋ ಎಂಬುದನ್ನು ಮೊದಲು ತಿಳಿಯಬೇಕು. "ಬ್ರೇಕಿಂದು ಸೋರತಿದ್ರ ನೀವು ಉಳವಿಗಲ್ಲ, ಕೊಳ್ಳಕ್ಕ ಹೋಗತಿದ್ರಿ" ಎಂದು ನೆಲಕ್ಕೊರಗಿ ನಾಲ್ಕೂ ಗಾಲಿಗಳ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿದ. ನಾವು ಉಸಿರು ಬಿಗಿಹಿಡಿದು ನಿಂತಿದ್ದೆವು. ನಾಲ್ಕೂ ಒಣಗಿದ್ದವು. ಅಕ್ಕನವರು ಬೆಂಚಿನ ಮೇಲಿಂದಲೇ, "ಅಪ್ಪ ದಿನಾ ಮುಂಜಾನಿ ಹಿಂಗss ಎತ್ತಿನ ಕಾಲು ಹಿಡದು ಲಾಳ ನೋಡತಿದ್ದ" ಎಂದರು.

ಗೇರುಪೆಟ್ಟಿಗೆಯ ಪಕ್ಕದ ಸಣ್ಣ ಸಿಲಿಂಡರಿನ ರಬ್ಬರು ಟೋಪಿಯನ್ನು ಸರಿಸಿದೊಡನೆ ಎಣ್ಣೆ ತೊಟ್ಟಿಕ್ಕಿತು. ಅದನ್ನು ಕಳಚಿ, ಒಳಗೋಡೆಗೆ ಉಗುರು ಆಡಿಸಿ ಗೀರುಗಳಿಲ್ಲವೆಂದು ಖಾತ್ರಿ ಮಾಡಿಕೊಂಡು, ಅಂಚು ಸವೆದ ರಬ್ಬರು ಬಟ್ಟಲನ್ನು ಬದಲಿಸಿದ. ಒಂದು ಕಾಸಗಲದ ವಸ್ತು!

ಇನ್ನು ಗಾಳಿ ತೆಗೆಯುವ ಕೆಲಸ. ಮೊಮ್ಮಗನು ಡಬ್ಬಿಗೆ ಎಣ್ಣೆ ಹೊಯ್ಯುತ್ತ ನಿಂತ. ಪೆಡಲು ತುಳಿಯುವ ಕಾಯಕ ನಮ್ಮ ಪಾಲಿಗೆ ಬಂದಿತು. ತುಳಿದು ಹಿಡಿಯಬೇಕು, ಅವನು ಕೆಳಗೆ ತಿರುಪು ಸಡಿಲಿಸಿ ಗುಳ್ಳೆಗೂಡಿದ ಎಣ್ಣೆಯನ್ನು ಹೊರಬಿಟ್ಟು ಬಿಗಿಯುತ್ತಾನೆ, ಆಮೇಲೆ ಕಾಲು ಎತ್ತಬೇಕು. ನಾವು ಒಮ್ಮೆ ಅವಸರದಿಂದ ಮೊದಲೇ ಎತ್ತಿಬಿಟ್ಟೆವು; ಹೋದ ಗಾಳಿ ಮತ್ತೆ ಒಳಗೆ! "ಅಜ್ಜಾರ, ನಾ ಹೇಳೂತನಕ ಕಾಲು ಎತ್ತಬ್ಯಾಡ್ರಿ" ಎಂಬ ದನಿ ಕಾರಿನಡಿಯಿಂದ ಬಂದಿತು. ಮಠದ ಪಾಠಶಾಲೆ ಬಿಟ್ಟ ಮೇಲೆ ಇಷ್ಟು ಸ್ಪಷ್ಟವಾದ ಗದರಿಕೆಯನ್ನು ನಾವು ಕೇಳಿರಲಿಲ್ಲ. ಹತ್ತಿಪ್ಪತ್ತು ಸಲ ತುಳಿದ ಮೇಲೆ ಪೆಡಲು ಗಟ್ಟಿಯಾಯಿತು, ಗೇರು ಸದ್ದಿಲ್ಲದೆ ಬಿದ್ದಿತು.

ಅವನು ಕೇಳಿದ ಹಣಕ್ಕಿಂತ ಹೆಚ್ಚು ಕೊಡಹೋದೆವು. ಸಾಮಾನಿನ ಬೆಲೆ, ಕೂಲಿ, ಪೆಟ್ರೋಲು ಲೆಕ್ಕ ಹಾಕಿ ಉಳಿದುದನ್ನು ಹಿಂತಿರುಗಿಸಿದ. ನಾಳೆ ಎದ್ದ ಕೂಡಲೇ ಡಬ್ಬಿಯ ಎಣ್ಣೆ ನೋಡಬೇಕೆಂದೂ, ಇಳಿದಿದ್ದರೆ ಗಾಡಿ ಕದಲಿಸದೆ ತನಗೆ ಹೇಳಿಕಳಿಸಬೇಕೆಂದೂ ಎರಡು ಸಲ ಹೇಳಿದ.

ಉಳವಿ ಸೇರುವಾಗ ಕತ್ತಲಾಗಿತ್ತು. ಅಕ್ಕನವರನ್ನು ಎರಡೂ ಕಡೆಯಿಂದ ಹಿಡಿದು ಒಳಗೆ ಕರೆದೊಯ್ದೆವು. ಗದ್ದುಗೆಗೆ ಹಣೆ ಹಚ್ಚಿದವರು ಬಹಳ ಹೊತ್ತು ಏಳಲಿಲ್ಲ, ನಾವೂ ಎಬ್ಬಿಸಲಿಲ್ಲ.

ಮರುದಿನ ಬೆಳಗ್ಗೆ ಹರಳಯ್ಯನ ಚಿಲುಮೆಯ ಕಡೆಗೆ ಹೊರಡುವ ಮುನ್ನ ಮೊಮ್ಮಗನು ತಾನಾಗಿಯೇ ಬಾನೆಟ್ಟು ಎತ್ತಿ ನಿಂತಿದ್ದ. "ಇಳದೈತೇನೋ?" ಎಂದು ಅಕ್ಕನವರು ಕೇಳಿದರು.

"ಇಲ್ಲಬೇ ಅಜ್ಜಿ, ನಿನ್ನೆ ಇದ್ದಷ್ಟss ಐತಿ" ಎಂದ.