ಹುಬ್ಬಳ್ಳಿ-ಧಾರವಾಡದ ಹಿತ್ತಲುಗಳು, ಅಲ್ಲಿಯ ಹಕ್ಕಿಗಳು ಮತ್ತು ಕ್ಯಾಮೆರಾ

ಪಶ್ಚಿಮದ ಕಾಡು ತೆಳುವಾಗುತ್ತ ಬಂದು ಎರೆಮಣ್ಣಿನ ಬಯಲು ಆರಂಭವಾಗುವ ಅಂಚಿನಲ್ಲಿ ಹುಬ್ಬಳ್ಳಿ-ಧಾರವಾಡ ಅವಳಿ ನಗರ ನಿಂತಿರುವುದರಿಂದ, ಇಲ್ಲಿನ ಮನೆಗಳ ಹಿತ್ತಲುಗಳಲ್ಲಿ ಎರಡೂ ಸೀಮೆಯ ಹಕ್ಕಿಗಳು ಬಂದು ಕೂಡುತ್ತವೆ. ಕಲಘಟಗಿ, ಹಳಿಯಾಳಗಳ ಕಡೆಗೆ ಬೇಸಿಗೆಯಲ್ಲಿ ಎಲೆಯುದುರಿಸುವ ಕಾಡು ಇದ್ದರೆ, ನವಲಗುಂದದ ಕಡೆಗೆ ಜೋಳ, ಕಡಲೆ, ಹತ್ತಿ ಬೆಳೆಯುವ ಬಟ್ಟಬಯಲು ಹರಡಿದೆ. ಕೆನ್ನೆಯ ಮೇಲೆ ಕೆಂಪು ಮಚ್ಚೆಯೂ ತಲೆಯ ಮೇಲೆ ಚೂಪಾದ ಜುಟ್ಟೂ ಇರುವ ಕೆಮ್ಮೀಸೆ ಪಿಕಳಾರವು ಪೇರಲ ಗಿಡದಲ್ಲಿ ಕೂಗುತ್ತಿರುವಾಗಲೇ, ಮಧ್ಯ ಏಷ್ಯಾದಲ್ಲಿ ಮರಿಮಾಡಿ ಚಳಿಗಾಲವನ್ನು ಹಿಂಗಾರಿ ಜೋಳದ ಹೊಲಗಳಲ್ಲಿ ಕಳೆಯಲು ಬರುವ ಗುಲಾಬಿ ಕಬ್ಬಕ್ಕಿಗಳ ಹಿಂಡು ಅದೇ ಮನೆಯ ಮೇಲೆ ಹಾದುಹೋಗುವುದನ್ನು ಇಲ್ಲಿಯವರು ವರ್ಷವರ್ಷವೂ ನೋಡುತ್ತ ಬಂದಿದ್ದಾರೆ. ನೋಡುವ ಈ ರೂಢಿಗೆ ಕ್ಯಾಮೆರಾ ಜೊತೆಯಾದ ಮೇಲೆ ನೋಡುವ ಬಗೆಯೂ ನೋಡುವ ಸ್ಥಳವೂ ಹೇಗೆ ಬದಲಾದವು ಎಂಬುದನ್ನು, ಆ ದಶಕಗಳನ್ನು ಇಲ್ಲಿಯೇ ಕಳೆದವರು ಕಂಡಂತೆ ದಾಖಲಿಸಿಡುವುದು ಅಗತ್ಯವಾಗಿದೆ. ಏಕೆಂದರೆ ಕಂಡವರ ಸಂಖ್ಯೆ ಕಡಿಮೆಯಾಗುತ್ತಿದೆ.

ಈ ಸೀಮೆಯ ಪ್ರಾಣಿಗಳ ಲಿಖಿತ ದಾಖಲೆ ಕ್ಯಾಮೆರಾಕ್ಕಿಂತ ಹಳೆಯದು. 1824ರ ಕಿತ್ತೂರು ಬಂಡಾಯದಲ್ಲಿ ಸೆರೆಯಾಳಾಗಿದ್ದ ಕಂಪನಿ ಸರಕಾರದ ಅಧಿಕಾರಿ ವಾಲ್ಟರ್ ಎಲಿಯಟ್, ಮುಂದೆ 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ, ಅಂದರೆ ಧಾರವಾಡವನ್ನೊಳಗೊಂಡ ಈ ಭಾಗದ, ಸಸ್ತನಿಗಳ ಪಟ್ಟಿಯೊಂದನ್ನು ಪ್ರಕಟಿಸಿದನು. ಅದರಲ್ಲಿ ಕನ್ನಡದ ಹೆಸರುಗಳನ್ನೂ ಕೊಟ್ಟಿದ್ದು, ಇಲಿಗಳನ್ನು ಹಿಡಿಯುವುದರಲ್ಲಿ ನಿಪುಣರಾಗಿದ್ದ ವಡ್ಡರ ಮಾಹಿತಿಯನ್ನೂ ಬಳಸಿಕೊಂಡಿದ್ದಾನೆ. ಪೊದೆಗಳಲ್ಲಿ ಬದುಕುವ ಇಲಿಯೊಂದಕ್ಕೆ ಇಂದಿಗೂ ಗೊಲುಂಡ ಎಲಿಯಟಿ ಎಂಬ ವೈಜ್ಞಾನಿಕ ಹೆಸರಿದೆ; ಅದರ ಮೊದಲ ಪದವು ಕನ್ನಡದ ಗುಳಂದಿಯಿಂದ ಬಂದದ್ದು, ಎರಡನೆಯದು ಅವನ ಹೆಸರಿನಿಂದ. ಹಕ್ಕಿಗಳ ವಿಷಯದಲ್ಲಿ 1881ರಲ್ಲಿ ಬಟ್ಲರ್ ಎಂಬ ಸೇನಾಧಿಕಾರಿ, ಎ. ಓ. ಹ್ಯೂಮ್ ನಡೆಸುತ್ತಿದ್ದ ಸ್ಟ್ರೇ ಫೆದರ್ಸ್ ಪತ್ರಿಕೆಯಲ್ಲಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಪಟ್ಟಿಯನ್ನು ಅಚ್ಚು ಹಾಕಿಸಿದನು. ಆ ಕಾಲದಲ್ಲಿ ಒಂದು ಹಕ್ಕಿ ಇಲ್ಲಿ ಇದೆ ಎಂದು ಸಾಬೀತುಪಡಿಸಬೇಕಾದರೆ ಅದನ್ನು ಗುಂಡಿಟ್ಟು ಕೆಡವಿ, ಚರ್ಮ ಸುಲಿದು, ಹತ್ತಿ ತುಂಬಿ, ಊರು-ದಿನಾಂಕಗಳ ಚೀಟಿ ಕಟ್ಟಿ ಇಡಬೇಕಾಗಿತ್ತು. ಹಕ್ಕಿ ಸತ್ತರೂ ಆ ಚೀಟಿಯಿಂದ ಸ್ಥಳ ಉಳಿಯುತ್ತಿತ್ತು ಎಂಬುದನ್ನು ಇಲ್ಲಿ ಗಮನಿಸಿಕೊಳ್ಳಬೇಕು.

ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಧಾರವಾಡದ ಮಾಳಮಡ್ಡಿ, ಸಪ್ತಾಪುರ, ಸಾಧನಕೇರಿಗಳ ಮನೆಗಳಲ್ಲಿ ಹಿತ್ತಲು ಎಂದರೆ ಮನೆಯ ಹಿಂದೆ ಉಳಿದ ಖಾಲಿ ಜಾಗವಾಗಿರಲಿಲ್ಲ, ಅದು ಮನೆಗೆಲಸದ ಅರ್ಧ ನಡೆಯುವ ಸ್ಥಳವಾಗಿತ್ತು. ಬಾವಿಯ ಕಟ್ಟೆಯ ಸುತ್ತ ಸದಾ ಹಸಿಯಿರುತ್ತಿತ್ತು. ಬಚ್ಚಲಿನ ನೀರು ಬಾಳೆ ಮತ್ತು ಕೆಸುವಿನ ಮಡಿಗೆ ಹರಿಯುತ್ತಿತ್ತು. ಪೇರಲ, ಸೀತಾಫಲ, ನುಗ್ಗೆ, ಕರಿಬೇವು, ದಾಸವಾಳಗಳು ಯಾವ ಯೋಜನೆಯೂ ಇಲ್ಲದೆ ಬೆಳೆದು ಒಂದರ ನೆರಳಲ್ಲಿ ಒಂದು ನಿಂತಿರುತ್ತಿದ್ದವು. ಬೀಸಲು ಕೊಡುವ ಮುನ್ನ ಜೋಳವನ್ನು ಮೊರದಲ್ಲಿ ಹಸನು ಮಾಡುವಾಗ ಸಿಡಿದ ಕಾಳು ಗುಬ್ಬಿಗಳ ಪಾಲಾಗುತ್ತಿತ್ತು. ಮಂಗಳೂರು ಹಂಚಿನ ಸೂರಿನ ಸಂದು, ಗೋಡೆಯ ಗೂಡು, ಪಡಸಾಲೆಯಲ್ಲಿ ಓರೆಯಾಗಿ ತೂಗುಹಾಕಿದ ದೇವರ ಪಟದ ಹಿಂಬದಿ ಅವುಗಳ ಗೂಡಿಗೆ ಸಾಕಾಗಿದ್ದವು. ಕಟ್ಟೆಯ ಕೆಳಗಿನ ಹಸಿಮಣ್ಣನ್ನು ಚಂದ್ರಮುಕುಟವು ಉದ್ದ ಕೊಕ್ಕಿನಿಂದ ಕೆದಕುತ್ತಿತ್ತು, ಮುಂಗಲಿ ಎಂದು ಇಲ್ಲಿಯ ಜನ ಕರೆಯುವ ಮುಂಗುಸಿಯು ಕಾಂಪೌಂಡಿನ ಬುಡದಲ್ಲಿ ಮರಿಗಳ ಸಾಲು ಕಟ್ಟಿಕೊಂಡು ದಾಟುತ್ತಿತ್ತು, ಬೈಗಿನಲ್ಲಿ ಹುಣಸೆಯ ಪೊಟರೆಯಿಂದ ಹಾಲಕ್ಕಿ ಹೊರಗೆ ಬಂದು ಕೂಗುತ್ತಿತ್ತು. ಹಾಲಕ್ಕಿ ಎಂದರೆ ಮೈಮೇಲೆ ಬಿಳಿ ಚುಕ್ಕೆಗಳಿರುವ ಸಣ್ಣ ಗೂಬೆ. ಅದರ ಕೂಗಿನಿಂದ ಶಕುನ ಹೇಳುವ ಪದ್ಧತಿ ಕನ್ನಡ ನಾಡಿನಲ್ಲಿ ಹಳೆಯದು.

ಇವೆಲ್ಲವನ್ನೂ ದಿನವಿಡೀ ನೋಡುತ್ತಿದ್ದವರು ಹಿತ್ತಲಿನಲ್ಲಿಯೇ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳು. ಕೋಗಿಲೆ ಕಾಗೆಯ ಗೂಡಿನ ಸುತ್ತ ಸುಳಿಯುವ ದಿನಗಳು, ಸೂರಕ್ಕಿ ದಾಸವಾಳದ ಬುಡಕ್ಕೆ ತೂತು ಕೊರೆದು ಮಕರಂದ ಕದಿಯುವ ರೀತಿ, ಎರಡೆಲೆ ಹೊಲಿದು ಗೂಡು ಮಾಡುವ ಸಿಂಪಿಗ ಯಾವ ಗಿಡವನ್ನು ಆರಿಸಿಕೊಳ್ಳುತ್ತದೆ ಎಂಬ ವಿವರಗಳು ಅವರಿಗೆ ಬಾಯಿಪಾಠವಾಗಿದ್ದವು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ ಎಂಬುದು ಈ ಊರಿನ ವಿದ್ಯಾಪರಂಪರೆಗೆ ಆದ ನಿಜವಾದ ನಷ್ಟ. ಓದಿದವರ ಕೈಯಲ್ಲಿದ್ದದ್ದು 1941ರಲ್ಲಿ ಪ್ರಕಟವಾದ ಸಲೀಂ ಅಲಿಯವರ ಇಂಗ್ಲಿಷ್ ಪುಸ್ತಕ, ಮತ್ತು 1959ರಲ್ಲಿ ಜಾಫರ್ ಫತೇಹಳ್ಳಿ ಮುಂಬಯಿಯಿಂದ ಆರಂಭಿಸಿದ ಪಕ್ಷಿವೀಕ್ಷಕರ ಕಿರುಪತ್ರಿಕೆ. ದುರ್ಬೀನು ದುಬಾರಿಯಾಗಿದ್ದು ಅಪರೂಪಕ್ಕೆ ಕಾಣಸಿಗುತ್ತಿತ್ತು.

ಕ್ಯಾಮೆರಾ ಮದುವೆ-ಮುಂಜಿವೆಗಳಿಗಾಗಿ ಮನೆ ಸೇರಿ, ಆಮೇಲೆ ಹಿತ್ತಲಿಗೆ ಇಳಿಯಿತು. ರೀಲಿನ ಕಾಲದಲ್ಲಿ ಹಕ್ಕಿಯ ಚಿತ್ರ ತೆಗೆಯುವುದು ಎಷ್ಟು ಕಠಿಣವಾಗಿತ್ತು ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಕ್ಯಾಮೆರಾದೊಂದಿಗೆ ಬರುತ್ತಿದ್ದ ಸಾಮಾನ್ಯ ಮಸೂರದ ನಾಭಿದೂರ, ಅಂದರೆ ಬಹುದೂರದ ವಸ್ತುವಿನ ಚಿತ್ರ ಸ್ಪಷ್ಟವಾಗಿ ಮೂಡುವಾಗ ಮಸೂರಕ್ಕೂ ಫಿಲ್ಮಿಗೂ ನಡುವಿನ ಅಂತರ, 50 ಮಿ.ಮೀ. ಇರುತ್ತಿತ್ತು. 15 ಸೆಂ.ಮೀ. ಉದ್ದದ ಗುಬ್ಬಿ 3 ಮೀಟರ್ ದೂರದಲ್ಲಿ ಕುಳಿತರೆ, 36 ಮಿ.ಮೀ. ಅಗಲದ ಫಿಲ್ಮಿನ ಚೌಕಟ್ಟಿನಲ್ಲಿ ಅದು ಎರಡೂವರೆ ಮಿ.ಮೀ.ನಷ್ಟು ಮಾತ್ರ ಮೂಡುತ್ತಿತ್ತು. 400 ಮಿ.ಮೀ.ನ ದೂರಮಸೂರವಿದ್ದರೆ ಅದೇ ಗುಬ್ಬಿ 20 ಮಿ.ಮೀ.ಗೂ ಹೆಚ್ಚು ಆಗುತ್ತಿತ್ತಾದರೂ, ಅಂಥ ಮಸೂರವನ್ನು ಕೊಳ್ಳುವುದು ಮಾಸ್ತರಿಕೆಯ ಅಥವಾ ಕಾರಕೂನಿಕೆಯ ಸಂಬಳದಲ್ಲಿ ಆಗುವ ಮಾತಾಗಿರಲಿಲ್ಲ. ಊಟಿಯ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೀಲಿನಲ್ಲಿ 36 ಚಿತ್ರಗಳು. ಒಂದೊಂದಕ್ಕೂ ದುಡ್ಡು ಬೀಳುತ್ತಿದ್ದುದರಿಂದ ಗುಂಡಿ ಒತ್ತುವುದಕ್ಕಿಂತ ಕಾಯುವುದೇ ಹೆಚ್ಚಾಗಿತ್ತು. ಕೆಲವು ಹವ್ಯಾಸಿಗಳು ನೀರಿನ ಅನುಕೂಲವಿದ್ದ ಬಚ್ಚಲುಮನೆಯನ್ನೇ ರಾತ್ರಿ ಕತ್ತಲಕೋಣೆ ಮಾಡಿಕೊಂಡು, ಕೆಂಪು ಬಲ್ಬಿನ ಬೆಳಕಿನಲ್ಲಿ ಬ್ರೋಮೈಡ್ ಕಾಗದವನ್ನು ಮೊದಲು ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಲ್ಲಿ, ಆಮೇಲೆ ಚಿತ್ರವನ್ನು ಸ್ಥಿರಗೊಳಿಸುವ ಹೈಪೋದಲ್ಲಿ ಅದ್ದಿ ತೆಗೆಯುತ್ತಿದ್ದರು.

ಇಷ್ಟು ಕಡಿಮೆ ಸಲಕರಣೆಯಿಂದ ಹಕ್ಕಿಯ ಸಮೀಪ ಹೋಗುವ ಸುಲಭ ದಾರಿ ಗೂಡು. ಹಕ್ಕಿ ಎಲ್ಲಿ ಹೋದರೂ ಮರಿಗಳಿಗೆ ಉಣಿಸಲು ಮರಳಿ ಅಲ್ಲಿಗೇ ಬರುವುದರಿಂದ, ಬಿದಿರಿಗೆ ಗೋಣಿತಟ್ಟು ಕಟ್ಟಿದ ಮರೆಯಲ್ಲಿ ಕೂತು, ಫ್ಲ್ಯಾಶ್ ಬೆಳಕು ಹಾಯಿಸಿ ಚಿತ್ರ ತೆಗೆಯುತ್ತಿದ್ದರು. ಆ ಕಾಲದ ಅತ್ಯಂತ ಸ್ಪಷ್ಟ ಹಕ್ಕಿಚಿತ್ರಗಳಲ್ಲಿ ಬಹುಪಾಲು ಗೂಡಿನವೇ ಆಗಿರುವುದಕ್ಕೆ ಕಾರಣ ಇದು. ಆದರೆ ಅಡ್ಡ ಬರುವ ಕೊಂಬೆಯನ್ನು ಸರಿಸಿ ಕಟ್ಟಿದರೆ ಅಥವಾ ಕತ್ತರಿಸಿದರೆ ಗೂಡು ಬಿಸಿಲಿಗೂ ಕಾಗೆ-ಬೆಕ್ಕುಗಳ ಕಣ್ಣಿಗೂ ತೆರೆದುಕೊಳ್ಳುತ್ತದೆ ಮತ್ತು ತಾಯಿಹಕ್ಕಿ ಗೂಡನ್ನೇ ಬಿಟ್ಟು ಹೋಗುವುದುಂಟು. ಇಂದು ಹಲವು ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಆ ನಿಯಮ ನೂರಕ್ಕೆ ನೂರು ಸರಿಯಾದದ್ದು.

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣದ ಹೆಸರುವಾಸಿ ಪರಂಪರೆ ಧಾರವಾಡದಲ್ಲಿ ಬೆಳೆದದ್ದಲ್ಲ. ಅದು ಬೆಂಗಳೂರಿನ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಅವರದು. ಕನ್ನಡದಲ್ಲಿ ಓದುವವರನ್ನು ಹಕ್ಕಿಯ ಕಡೆಗೆ ತಿರುಗಿಸಿದವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಅವರ ಹಕ್ಕಿ ಪುಸ್ತಕಗಳು ಬಂದ ಮೇಲೆ, ಅದುವರೆಗೆ ಕೂಗಿನಿಂದ ಮಾತ್ರ ಪರಿಚಯವಿದ್ದ ಹಿತ್ತಲಿನ ಹಕ್ಕಿಗೆ ಕನ್ನಡದಲ್ಲಿಯೇ ಹೆಸರು ಹುಡುಕಿಕೊಳ್ಳುವುದು ಶಾಲೆಯ ಮಕ್ಕಳಿಗೂ ಸಾಧ್ಯವಾಯಿತು.

ಕ್ಯಾಮೆರಾ ಸುಧಾರಿಸುತ್ತ ಬಂದ ದಶಕಗಳಲ್ಲಿಯೇ ಹಿತ್ತಲು ಕಿರಿದಾಗುತ್ತ ಬಂದಿತು. 1962ರಲ್ಲಿ ಎರಡೂ ಊರುಗಳು ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಬಂದವು. ಆಮೇಲೆ ನಡುವಿನ ಭೂಮಿಯಲ್ಲಿ ನವನಗರ, ರಾಯಾಪುರ, ಸತ್ತೂರುಗಳ ಬಡಾವಣೆಗಳು ತುಂಬಿಕೊಂಡವು, ಗಿಳಿ-ಬಾವಲಿಗಳ ಕಾಟಕ್ಕೆ ಡಬ್ಬಿ ಬಡಿಯುತ್ತ ಕಾಯುತ್ತಿದ್ದ ನವಲೂರಿನ ಪೇರಲ ತೋಟಗಳೂ ಕುಗ್ಗಿದವು. ಅಣ್ಣತಮ್ಮಂದಿರಲ್ಲಿ ಪಾಲಾದ ಹಳೆಯ ಮನೆಗಳಲ್ಲಿ ಮೊದಲು ಹೋದದ್ದು ಹಿತ್ತಲು: ಕೊಳವೆಬಾವಿ ಬಂದ ಮೇಲೆ ಬಾವಿಗೆ ಕಲ್ಲುಚಪ್ಪಡಿ ಬಿತ್ತು, ಮಣ್ಣಿಗೆ ಫರಸಿ ಹಾಸಿದರು, ಹಂಚು ಇಳಿಸಿ ಸ್ಲ್ಯಾಬ್ ಹಾಕಿದರು, ಜೋಳ ಹಿಟ್ಟಾಗಿ ಪಾಕೀಟಿನಲ್ಲಿ ಬರತೊಡಗಿತು. ಗುಬ್ಬಿ ಕಾಳು ತಿನ್ನುವ ಹಕ್ಕಿಯಾದರೂ ಮರಿಗೆ ಹುಳುಗಳನ್ನೇ ಉಣಿಸುತ್ತದೆ; ಗೂಡಿನ ಸಂದು, ಕಾಳು, ಹುಳು ಮೂರೂ ಒಟ್ಟಿಗೆ ತಪ್ಪಿದ ಮನೆಗಳಿಂದ ಅದು ಹೊರಟುಹೋಯಿತು. ಭಾರತದ ಹಕ್ಕಿಗಳ ಸ್ಥಿತಿಗತಿಯ 2020ರ ವರದಿ, ದೇಶವನ್ನು ಒಟ್ಟಾಗಿ ನೋಡಿದರೆ ಗುಬ್ಬಿಗಳು ಸ್ಥಿರವಾಗಿವೆ, ದೊಡ್ಡ ನಗರಗಳಲ್ಲಿ ಮಾತ್ರ ಇಳಿದಿವೆ ಎಂದು ಹೇಳಿದ್ದು ಇಲ್ಲಿಯ ಅನುಭವಕ್ಕೂ ಹೊಂದುತ್ತದೆ: ಧಾನ್ಯದ ವ್ಯಾಪಾರವಿರುವ ಹುಬ್ಬಳ್ಳಿಯ ಹಳೆಯ ಪೇಟೆಗಳಲ್ಲಿ ಗುಬ್ಬಿ ಇಂದಿಗೂ ಇದೆ. ಮುಂದೆ ತ್ವರಿತ ಬಸ್ ಸಾರಿಗೆಗಾಗಿ ಪುಣೆ-ಬೆಂಗಳೂರು (ಪಿ. ಬಿ.) ರಸ್ತೆಯನ್ನು ಅಗಲಿಸುವಾಗ ಇಕ್ಕೆಲಗಳ ದೊಡ್ಡ ಮರಗಳು ಉರುಳಿದವು. 2018ರಲ್ಲಿ ಓಡತೊಡಗಿದ ಆ ಬಸ್ಸುಗಳಿಗೆ ಬಯಲುಸೀಮೆಯ ಕೃಷ್ಣಮೃಗದ ಹೆಸರಾದ ಚಿಗರಿ ಎಂಬುದನ್ನೇ ಇಡಲಾಗಿದೆ.

ಡಿಜಿಟಲ್ ಕ್ಯಾಮೆರಾ ಬಂದಾಗ ರೀಲಿನ ಖರ್ಚು ಹೋಯಿತು, ತೆಗೆದದ್ದನ್ನು ಅಲ್ಲಿಯೇ ನೋಡಿ ತಿದ್ದಿಕೊಳ್ಳುವ ಅನುಕೂಲ ಬಂದಿತು. 2015ರಲ್ಲಿ ನಿಕಾನ್ ಹೊರತಂದ ಪಿ900ನಂಥ, 2000 ಮಿ.ಮೀ. ಮಸೂರಕ್ಕೆ ಸಮನಾದ ಸಮೀಪನೋಟ ಕೊಡುವ ಕ್ಯಾಮೆರಾಗಳಿಂದ, ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತವರಿಗೂ ಎದುರಿನ ಆಕಾಶಮಲ್ಲಿಗೆಯಲ್ಲಿ ಕುಳಿತ ಚೆಂಬುಕುಟಿಗದ ಕೊಕ್ಕಿನ ಬುಡದ ಮೀಸೆಗೂದಲು ಎಣಿಸುವಷ್ಟು ಹತ್ತಿರವಾಯಿತು. ಮೊದಲು ಯಾರೂ ಕಣ್ಣೆತ್ತಿ ನೋಡದಿದ್ದ ಕೀಟಗಳಿಗೂ ಮನ್ನಣೆ ಸಿಕ್ಕಿತು. ಕುಂಡದಲ್ಲಿಟ್ಟ ಒಂದು ಕರಿಬೇವಿನ ಗಿಡದ ಮೇಲೆ ನಿಂಬೆ ಚಿಟ್ಟೆಯ ಮೊಟ್ಟೆ, ಹಕ್ಕಿಯ ಹಿಕ್ಕೆಯಂತೆ ತೋರಿ ತಪ್ಪಿಸಿಕೊಳ್ಳುವ ಎಳೆಯ ಹುಳು, ಆಮೇಲೆ ಹಸಿರು ಹುಳು, ಕೋಶ ಎಲ್ಲವನ್ನೂ ಮೊಬೈಲಿನಿಂದಲೇ ದಾಖಲಿಸಬಹುದಾಗಿದೆ. 1998ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 2013ರಲ್ಲಿ ಭಾರತಕ್ಕೂ ಹರಡಿದ ಹಿತ್ತಲ ಹಕ್ಕಿ ಎಣಿಕೆಯಲ್ಲಿ, ಫೆಬ್ರುವರಿಯ ನಾಲ್ಕು ದಿನ ಕನಿಷ್ಠ 15 ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳನ್ನು ಎಣಿಸಿ ಇ-ಬರ್ಡ್ ಎಂಬ ಜಾಗತಿಕ ದಾಖಲೆಗೆ ಸೇರಿಸುತ್ತಾರೆ. ಈ ಎಣಿಕೆಗೆ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಕೃಷಿ ವಿಶ್ವವಿದ್ಯಾಲಯಗಳ ಆವರಣಗಳಂಥ ಸ್ಥಳಗಳು ಬಹಳ ಬೆಲೆಯುಳ್ಳವು, ಏಕೆಂದರೆ ಮನೆಗಳಲ್ಲಿ ಇಲ್ಲವಾದ ಮರ-ಪೊದೆಗಳು ಅಲ್ಲಿ ಉಳಿದಿದ್ದು ನವಿಲುಗಳೂ ಅಲ್ಲಿ ನಿರ್ಭಯವಾಗಿ ಅಡ್ಡಾಡುತ್ತವೆ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ನುಡಿಸಿ ಅದನ್ನು ಹೊರಗೆಳೆಯುವ ಹೊಸ ಚಾಳಿಯಾದರೋ ಹಳೆಯ ಗೂಡುಚಿತ್ರಗಳಷ್ಟೇ ಕೆಟ್ಟದ್ದು. ಎದುರಾಳಿ ಬಂದಿದೆ ಎಂದು ಬಗೆದ ಗಂಡುಹಕ್ಕಿ ಮರಿಗಳಿಗೆ ಗುಟುಕು ತರುವುದನ್ನು ಬಿಟ್ಟು ಇಲ್ಲದ ಶತ್ರುವನ್ನು ಅರಸುತ್ತದೆ.

ಎರಡೂ ಕಾಲದ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಮುಖ್ಯವಾದ ವ್ಯತ್ಯಾಸವೊಂದು ಕಾಣುತ್ತದೆ. ದೂರಮಸೂರವು ಹಕ್ಕಿಯೊಂದನ್ನೇ ಸ್ಪಷ್ಟವಾಗಿಸಿ ಹಿನ್ನೆಲೆಯನ್ನೆಲ್ಲ ಒಂದೇ ಬಣ್ಣದ ಮಸುಕಾಗಿ ಕರಗಿಸುತ್ತದೆ. ಅಂಥ ಚಿತ್ರವನ್ನು ಧಾರವಾಡದಲ್ಲಿ ತೆಗೆದರೋ ಮೈಸೂರಿನಲ್ಲಿ ತೆಗೆದರೋ ಎಂದು ಹೇಳಲಾಗದು. ಸಣ್ಣ ಮಸೂರದ ಹಳೆಯ ಕಪ್ಪು-ಬಿಳುಪು ಚಿತ್ರದಲ್ಲಿ ಮಡಿವಾಳ ಹಕ್ಕಿ ಬೆರಳುಗುರುತಿಗಿಂತ ಚಿಕ್ಕದಾಗಿದ್ದರೂ ಬಾವಿಯ ಗಡಗಡಿ, ಪೇರಲದ ಟೊಂಗೆ, ಹಂಚಿನ ಸೂರು, ಒಗೆಯುವ ಕಲ್ಲು, ಮಣ್ಣಿನ ನೆಲ ಅದರ ಸುತ್ತಲೇ ಇರುತ್ತವೆ. ಆ ಹಕ್ಕಿ ಏಕೆ ಅಲ್ಲಿತ್ತು ಎಂಬುದಕ್ಕೆ ಅವೇ ಸಾಕ್ಷ್ಯ, ಮತ್ತು ಈ ಊರಿನ ಹಿತ್ತಲು ಹೇಗಿತ್ತು ಎಂಬುದಕ್ಕೆ ಬೇರೆ ಸಾಕ್ಷ್ಯ ತೀರ ಕಡಿಮೆ. ಅಂಥ ನೆಗೆಟಿವ್‌ಗಳು ಹಳೆಯ ಮನೆಗಳ ಟ್ರಂಕುಗಳಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತಿವೆ. ತೆಗೆದವರು ಅಥವಾ ಆ ಮನೆಯಲ್ಲಿ ಬೆಳೆದವರು ಬದುಕಿರುವಾಗಲೇ ಅವುಗಳನ್ನು ಸ್ಕ್ಯಾನ್ ಮಾಡಿಸಿ, ಯಾವ ಓಣಿ, ಯಾವ ವರ್ಷ, ಚೌಕಟ್ಟಿನಲ್ಲಿರುವ ಗಿಡ ಯಾವುದು ಎಂದು ಅವರಿಂದಲೇ ಕೇಳಿ ಬರೆಯಿಸಿ, ಎಲಿಯಟ್ ಮತ್ತು ಬಟ್ಲರ್‌ರ ಕಾಲದ ಚೀಟಿಗಳಲ್ಲಿದ್ದಷ್ಟಾದರೂ ವಿವರವನ್ನು ಪ್ರತಿಯೊಂದಕ್ಕೂ ಸೇರಿಸಿ, ಇಲ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಡಬೇಕಾಗಿದೆ.